ಜೀಪು ಎತ್ತರಿಸಿದ ಮೇಲೆ ಸ್ಟೀರಿಂಗ್ ಯಾಕೆ ಹತೋಟಿಗೆ ಸಿಗುವುದಿಲ್ಲ?

ಮಲೆನಾಡಿನಲ್ಲಿ ಜೀಪು ಮೊದಲಿನಿಂದಲೂ ದುಡಿಯುವ ಗಾಡಿ. ಕಾಫಿ ತೋಟಕ್ಕೆ ಗೊಬ್ಬರ ಹೊರುವುದು, ಮೆಣಸಿನ ಚೀಲ ಇಳಿಸುವುದು, ಮಾಂದಲಪಟ್ಟಿಗೋ ಕೊಡಚಾದ್ರಿಗೋ ಪ್ರವಾಸಿಗರನ್ನು ಹತ್ತಿಸುವುದು, ಎಲ್ಲ ಅದರದೇ ಕೆಲಸ. 2020ರಲ್ಲಿ ಹೊಸ ಥಾರ್, 2023ರಲ್ಲಿ ಐದು ಬಾಗಿಲಿನ ಜಿಮ್ನಿ ಬಂದ ಮೇಲೆ ಪೇಟೆಯವರೂ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಡಬಲ್ಲ ಫೋರ್ ವೀಲ್ ಗಾಡಿಗಳತ್ತ ತಿರುಗಿದರು. ಕೊಂಡವರಲ್ಲಿ ಹಲವರು ಮೊದಲು ಮಾಡಿಸುವ ಕೆಲಸವೆಂದರೆ ಲಿಫ್ಟ್, ಅಂದರೆ ಸ್ಪ್ರಿಂಗ್ ಬದಲಿಸಿ ಗಾಡಿಯನ್ನು 2 ಇಂಚು ಎತ್ತರಿಸುವುದು.

ತೋಟದ ದಾರಿಯಲ್ಲಿ ಅದರ ಲಾಭ ಕೂಡಲೇ ಗೊತ್ತಾಗುತ್ತದೆ. ಗಾಡಿಯ ಹೊಟ್ಟೆಗೆ ಕಲ್ಲು ತಾಗುವುದಿಲ್ಲ. ತೊಂದರೆ ಕಾಣುವುದು ಶಿರಾಡಿ ಘಾಟಿ ಹತ್ತಿ ಹಾಸನದ ಹೆದ್ದಾರಿಗೆ ಬಂದಾಗ. ವೇಗ 70, 80 ಮುಟ್ಟುತ್ತಿದ್ದಂತೆ ಗಾಡಿ ಎಡಕ್ಕೂ ಬಲಕ್ಕೂ ಅಲೆಯುತ್ತದೆ. ತಿರುವು ಮುಗಿದರೂ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಸಣ್ಣ ಗುಂಡಿ ಹಾರಿಸಿದರೆ ಮುಂಭಾಗ ಇಡೀ ಥರಗುಟ್ಟುತ್ತದೆ. ಗ್ಯಾರೇಜಿನಲ್ಲಿ ಕೇಳಿದರೆ ಒಬ್ಬರು ಅಲೈನ್‌ಮೆಂಟ್ ಮಾಡಿಸಿ ಅನ್ನುತ್ತಾರೆ, ಇನ್ನೊಬ್ಬರು ಡ್ಯಾಂಪರ್ ಹಾಕಿಸಿ ಅನ್ನುತ್ತಾರೆ, ಮತ್ತೊಬ್ಬರು ಎತ್ತರದ ಗಾಡಿ ಹೀಗೇ ಅನ್ನುತ್ತಾರೆ.

ಎತ್ತರದ ಗಾಡಿ ಹೀಗೇ ಇರಬೇಕಾಗಿಲ್ಲ. 2 ಇಂಚು ಲಿಫ್ಟ್ ಆದ ಗಾಡಿಯನ್ನು ಹೆದ್ದಾರಿಯಲ್ಲಿ ನೆಟ್ಟಗೆ ಓಡುವ ಹಾಗೆ ಮಾಡಬಹುದು. ಅದಕ್ಕೆ ಎತ್ತರಿಸಿದಾಗ ಕೆಳಗೆ ಏನೇನು ಬದಲಾಯಿತು ಎಂದು ತಿಳಿದಿರಬೇಕು.

ಎತ್ತರಿಸುವುದು ಮೂರು ಬಗೆ

ಮೊದಲನೆಯದು ದೊಡ್ಡ ಟೈರು. ಜಿಮ್ನಿಗೆ ಕಂಪನಿ ಕೊಡುವ 195/80 ಆರ್15 ಟೈರಿನ ವ್ಯಾಸ ಸುಮಾರು 693 ಮಿ.ಮೀ. ಅದರ ಬದಲು 235/75 ಆರ್15 ಹಾಕಿದರೆ ವ್ಯಾಸ ಸುಮಾರು 733 ಮಿ.ಮೀ. ಆಗುತ್ತದೆ. ಗಾಡಿ ಏರುವುದು ಅದರ ಅರ್ಧ, 20 ಮಿ.ಮೀ. ಇದರಿಂದ ಕೆಳಗಿನ ಕೋನಗಳು ಬದಲಾಗುವುದಿಲ್ಲ, ಆದರೆ ಟೈರಿನ ತೂಕ ಮತ್ತು ಅಗಲ ಹೆಚ್ಚಾಗುತ್ತವೆ.

ಎರಡನೆಯದು ಬಾಡಿ ಲಿಫ್ಟ್. ಚಾಸಿ (ಗಾಡಿಯ ಕೆಳಗಿನ ಉಕ್ಕಿನ ಚೌಕಟ್ಟು) ಮತ್ತು ಬಾಡಿಯ ನಡುವೆ ಗಟ್ಟಿ ಬಿಲ್ಲೆ ಇಟ್ಟು ಬಾಡಿಯನ್ನಷ್ಟೇ ಮೇಲೆತ್ತುತ್ತಾರೆ. ಆಕ್ಸಲ್ಲಿಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ಸ್ಟೀರಿಂಗ್ ಚಕ್ರ ಬಾಡಿಯ ಜೊತೆ ಏರುತ್ತದೆ, ಸ್ಟೀರಿಂಗ್ ಪೆಟ್ಟಿಗೆ ಚಾಸಿಯಲ್ಲೇ ಉಳಿಯುತ್ತದೆ. ಹಾಗಾಗಿ ನಡುವಿನ ಶಾಫ್ಟಿನ ಜಾಯಿಂಟು ಹೆಚ್ಚು ಬಾಗಬೇಕಾಗುತ್ತದೆ.

ಮೂರನೆಯದು ಸಸ್ಪೆನ್ಶನ್ ಲಿಫ್ಟ್. ಉದ್ದನೆಯ ಸ್ಪ್ರಿಂಗ್, ಸ್ಪ್ರಿಂಗಿನ ಕೆಳಗೆ ಸ್ಪೇಸರ್, ಪಟ್ಟಿ ಸ್ಪ್ರಿಂಗಿನ ಗಾಡಿಯಾದರೆ ಉದ್ದನೆಯ ಶ್ಯಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ), ಹೀಗೆ ಯಾವುದರಿಂದ ಮಾಡಿದರೂ ಆಕ್ಸಲ್ ಮತ್ತು ಚಾಸಿಯ ನಡುವಿನ ದೂರ ಹೆಚ್ಚುತ್ತದೆ. ಸ್ಟೀರಿಂಗ್ ಕೆಡುವುದರಲ್ಲಿ ದೊಡ್ಡ ಪಾಲು ಇದರದು. ಚಾಸಿಯಿಂದ ಆಕ್ಸಲ್ಲಿಗೆ ಹೋಗುವ ಪ್ರತಿಯೊಂದು ತೋಳು, ಪ್ರತಿಯೊಂದು ರಾಡು ಕಂಪನಿ ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚು ಇಳಿಜಾರಾಗಿ ನಿಲ್ಲುತ್ತದೆ.

ಮೊದಲ ಪ್ರಶ್ನೆ: ತೊಂದರೆ ಶುರುವಾದದ್ದು ಯಾವಾಗ?

ಪಾನ ಹಿಡಿಯುವ ಮೊದಲು ಇದನ್ನು ನೆನಪು ಮಾಡಿಕೊಳ್ಳಿ. ಲಿಫ್ಟ್ ಮಾಡಿಸಿ ಗ್ಯಾರೇಜಿನಿಂದ ಹೊರಬಂದ ದಿನವೇ ಗಾಡಿ ಅಲೆಯುತ್ತಿತ್ತೆಂದರೆ ಕಾರಣ ಕೋನಗಳಲ್ಲಿದೆ. ಕೆಲವು ತಿಂಗಳು ಚೆನ್ನಾಗಿ ಓಡಿ ಆಮೇಲೆ ಕೆಟ್ಟಿತೆಂದರೆ ಏನೋ ಸವೆದಿದೆ, ಇಲ್ಲವೇ ಸಡಿಲಾಗಿದೆ. ನಿನ್ನೆ ಕೆಸರಿನಲ್ಲಿ ಓಡಿಸಿ ಇವತ್ತು ನಡುಕ ಬಂದಿದೆಯೆಂದರೆ ರಿಮ್ಮಿನ ಒಳಮೈಗೆ ಅಂಟಿ ಒಣಗಿದ ಮಣ್ಣನ್ನು ಮೊದಲು ನೋಡಿ. ಒಂದು ಕಡೆ ಹೆಪ್ಪುಗಟ್ಟಿದ ಕೆಮ್ಮಣ್ಣು ಚಕ್ರದ ಸಮತೂಕವನ್ನೇ ಕೆಡಿಸುತ್ತದೆ. ನೀರು ಹೊಡೆದು ಒಳಗಡೆ ತೊಳೆದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ.

ಟೈರಿನ ಗಾಳಿಯೂ ಹಾಗೆಯೇ. ಕಾಡುದಾರಿಯಲ್ಲಿ ಹಿಡಿತ ಸಿಗಲೆಂದು ಗಾಳಿ ಇಳಿಸಿಕೊಂಡವರು ಟಾರು ರಸ್ತೆಗೆ ಬಂದ ಮೇಲೆ ತುಂಬಿಸಲು ಮರೆತರೆ ಸ್ಟೀರಿಂಗ್ ಭಾರವಾಗುತ್ತದೆ, ಗಾಡಿ ತೂಗಾಡುತ್ತದೆ. ಬಾಗಿಲ ಬಳಿಯ ಚೀಟಿಯಲ್ಲಿ ಬರೆದಷ್ಟು ಗಾಳಿ ಇದೆಯೇ ಎಂದು ನೋಡದೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ.

ನಿಮ್ಮ ಗಾಡಿಯ ಮುಂಭಾಗ ಯಾವ ಜಾತಿಯದು?

ಜಿಪ್ಸಿ ಮತ್ತು ಜಿಮ್ನಿಗಳಲ್ಲಿ ಮುಂದಿನ ಎರಡು ಚಕ್ರಗಳನ್ನು ಒಂದೇ ಗಟ್ಟಿ ಆಕ್ಸಲ್ ಹಿಡಿದಿರುತ್ತದೆ. ಒಂದು ಚಕ್ರ ಕಲ್ಲಿನ ಮೇಲೆ ಏರಿದರೆ ಇನ್ನೊಂದೂ ವಾಲುತ್ತದೆ. ಜಿಪ್ಸಿಯಲ್ಲಿ ಈ ಆಕ್ಸಲ್ ಪಟ್ಟಿ ಸ್ಪ್ರಿಂಗಿನ ಮೇಲೆ ಕುಳಿತಿದೆ. ಜಿಮ್ನಿಯಲ್ಲಿ ಸುರುಳಿ ಸ್ಪ್ರಿಂಗ್ ಇದೆ, ಆಕ್ಸಲ್ಲನ್ನು ಹಿಂದೆ ಮುಂದೆ ಹೋಗದಂತೆ ಹಿಡಿಯಲು ಎರಡು ತೋಳುಗಳಿವೆ, ಅಡ್ಡಡ್ಡ ಸರಿಯದಂತೆ ಹಿಡಿಯಲು ಪ್ಯಾನ್‌ಹಾರ್ಡ್ ರಾಡ್ ಎಂಬ ಅಡ್ಡಸಲಾಕೆಯಿದೆ.

2020ರ ಥಾರ್‌ನಲ್ಲಿ ಮುಂದಿನ ಚಕ್ರಗಳು ಬೇರೆ ಬೇರೆಯಾಗಿ ಏರಿಳಿಯುತ್ತವೆ, ಗಟ್ಟಿ ಆಕ್ಸಲ್ ಇರುವುದು ಹಿಂದೆ ಮಾತ್ರ. ಈ ಎರಡು ಜಾತಿಗಳಲ್ಲಿ ರೋಗವೂ ಬೇರೆ, ಮದ್ದೂ ಬೇರೆ. ಗಟ್ಟಿ ಆಕ್ಸಲ್ಲಿನ ಕತೆ ಉದ್ದ, ಅದನ್ನು ಮೊದಲು ನೋಡೋಣ.

ಕ್ಯಾಸ್ಟರ್: ಗಾಡಿ ಅಲೆಯುವುದಕ್ಕೆ ಮುಖ್ಯ ಕಾರಣ

ಕೈಬಿಟ್ಟು ಸೈಕಲ್ ಹೊಡೆದವರಿಗೆ ಕ್ಯಾಸ್ಟರ್ ಗೊತ್ತು, ಹೆಸರು ಗೊತ್ತಿಲ್ಲ ಅಷ್ಟೆ. ಸೈಕಲ್ಲಿನ ಮುಂದಿನ ಫೋರ್ಕು ನೆಟ್ಟಗೆ ನಿಂತಿಲ್ಲ, ಅದರ ಮೇಲ್ತುದಿ ಸವಾರನ ಕಡೆಗೆ ವಾಲಿದೆ. ಆ ಓರೆಯನ್ನೇ ನೆಲದವರೆಗೆ ಗೆರೆ ಎಳೆದರೆ, ಟೈರು ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಮುಂದೆ ಆ ಗೆರೆ ನೆಲಕ್ಕೆ ತಾಗುತ್ತದೆ. ಟೈರು ಯಾವಾಗಲೂ ಆ ಬಿಂದುವಿನ ಹಿಂದೆ ಎಳೆದುಕೊಂಡು ಬರುವುದರಿಂದ ಹ್ಯಾಂಡಲ್ ತಾನಾಗಿ ನೇರವಾಗುತ್ತದೆ.

ಜೀಪಿನಲ್ಲೂ ನಡೆಯುವುದು ಇದೇ. ಮುಂಚಕ್ರ ಎಡಬಲಕ್ಕೆ ತಿರುಗುವುದು ಮೇಲೊಂದು ಕೆಳಗೊಂದು ಇರುವ ಎರಡು ಕೀಲುಗಳ ಸುತ್ತ. ಜಿಪ್ಸಿ, ಜಿಮ್ನಿಯಲ್ಲಿ ಅವು ಕಿಂಗ್ ಪಿನ್ ಬೇರಿಂಗುಗಳು. ಮೇಲಿನ ಕೀಲು ಕೆಳಗಿನದಕ್ಕಿಂತ ಸ್ವಲ್ಪ ಹಿಂದೆ ಇರುತ್ತದೆ. ಆ ಓರೆಯ ಕೋನವೇ ಕ್ಯಾಸ್ಟರ್. 350 ಮಿ.ಮೀ. ತ್ರಿಜ್ಯದ ಟೈರಿಗೆ 3 ಡಿಗ್ರಿ ಕ್ಯಾಸ್ಟರ್ ಇದ್ದರೆ, ಟೈರು ಆ ಬಿಂದುವಿನ ಹಿಂದೆ ಸುಮಾರು 18 ಮಿ.ಮೀ. ದೂರದಲ್ಲಿ ನೆಲ ಮುಟ್ಟುತ್ತದೆ. 1 ಡಿಗ್ರಿಗೆ ಇಳಿದರೆ ಉಳಿಯುವುದು 6 ಮಿ.ಮೀ. ಮಾತ್ರ. ಗಾಡಿಯನ್ನು ನೇರ ಹಿಡಿಯುವ ಬಲ ಅಷ್ಟರಮಟ್ಟಿಗೆ ಕುಗ್ಗುತ್ತದೆ.

ಲಿಫ್ಟ್ ಮಾಡಿದಾಗ ಇದು ಇಳಿಯುವುದು ಯಾಕೆ? ಜಿಮ್ನಿಯ ಮುಂದಿನ ತೋಳುಗಳ ಒಂದು ತುದಿ ಹಿಂದೆ ಚಾಸಿಗೆ, ಇನ್ನೊಂದು ತುದಿ ಮುಂದೆ ಆಕ್ಸಲ್ಲಿಗೆ ಬಿಗಿದಿದೆ. ಚಾಸಿ ಮೇಲೇರಿದಾಗ ತೋಳಿನ ಹಿಂದಿನ ತುದಿ ಅದರ ಜೊತೆ ಏರುತ್ತದೆ. ತೋಳು ಓರೆಯಾದಂತೆ ಅದಕ್ಕೆ ಕಚ್ಚಿಕೊಂಡ ಆಕ್ಸಲ್ಲೂ ಮುಂದಕ್ಕೆ ಉರುಳುತ್ತದೆ, ಅದರ ಮೇಲ್ಭಾಗ ಮುಂದಕ್ಕೆ ವಾಲುತ್ತದೆ. ತೋಳಿನ ಉದ್ದ 80 ಸೆಂ.ಮೀ. ಎಂದಿಟ್ಟುಕೊಳ್ಳಿ. 5 ಸೆಂ.ಮೀ. ಲಿಫ್ಟಿಗೆ ಆಕ್ಸಲ್ ತಿರುಗುವುದು ಸುಮಾರು ಮೂರೂವರೆ ಡಿಗ್ರಿ. ಇದ್ದ ಕ್ಯಾಸ್ಟರೇ 3 ಡಿಗ್ರಿಯಾಗಿದ್ದರೆ ಪೂರ್ತಿ ಹೋಯಿತು.

ಪಟ್ಟಿ ಸ್ಪ್ರಿಂಗಿನ ಗಾಡಿಯಲ್ಲಿ ಇದನ್ನು ಮಾಡುವುದು ಉದ್ದನೆಯ ಶ್ಯಾಕಲ್. ಶ್ಯಾಕಲ್ ಸ್ಪ್ರಿಂಗಿನ ಮುಂತುದಿಯಲ್ಲಿದ್ದರೆ, ಅದನ್ನು ಉದ್ದ ಮಾಡಿದಷ್ಟೂ ಸ್ಪ್ರಿಂಗಿನ ಮೂತಿ ಕೆಳಗೆ ಬಾಗಿ ಆಕ್ಸಲ್ ಮುಂದಕ್ಕೆ ಉರುಳುತ್ತದೆ. ಪೂರ್ತಿ ಹೊಸ ಪಟ್ಟಿ ಹಾಕಿ ಎತ್ತರಿಸಿದ್ದಕ್ಕಿಂತ ಬರೀ ಶ್ಯಾಕಲ್ ಬದಲಿಸಿ ಎತ್ತರಿಸಿದ ಗಾಡಿಗಳು ಹೆಚ್ಚು ಅಲೆಯುವುದು ಇದಕ್ಕೇ.

ಕ್ಯಾಸ್ಟರ್ ಕಡಿಮೆಯಾದದ್ದರ ಗುರುತು ಸ್ಪಷ್ಟ. ನೇರ ರಸ್ತೆಯಲ್ಲಿ ಕೈ ಸದಾ ತಿದ್ದುತ್ತಲೇ ಇರಬೇಕು, ತಿರುವಿನಿಂದ ಹೊರಬರುವಾಗ ಸ್ಟೀರಿಂಗನ್ನು ಕೈಯಿಂದಲೇ ತಿರುಗಿಸಿ ತರಬೇಕು, ನಿಧಾನದಲ್ಲಿ ಮಾತ್ರ ವಿಚಿತ್ರವಾಗಿ ಹಗುರ.

ಸರಿಪಡಿಸುವ ದಾರಿಗಳು ಹಲವು. ತೋಳಿನ ಗಾಡಿಗೆ ತೂತು ನಡುವಿನಿಂದ ಪಕ್ಕಕ್ಕೆ ಸರಿದ ಕ್ಯಾಸ್ಟರ್ ಬುಷ್ ಸಿಗುತ್ತದೆ (ಬುಷ್ ಎಂದರೆ ಬೋಲ್ಟಿನ ಸುತ್ತ ಕೂರುವ ಬಳೆ), ಅದನ್ನು ಹಾಕಿದರೆ ತೋಳು ಅಲ್ಲೇ ಇದ್ದರೂ ಆಕ್ಸಲ್ ಹಿಂದಕ್ಕೆ ತಿರುಗಿ ಕೂರುತ್ತದೆ. ಇಲ್ಲವೇ ತೋಳಿನ ಚಾಸಿ ಕಡೆಯ ತುದಿಯನ್ನು ಕೆಳಗಿಳಿಸುವ ಬ್ರಾಕೆಟ್ ಹಾಕಬಹುದು. ಇದು ತೋಳನ್ನೇ ಮೊದಲಿನ ಮಟ್ಟಕ್ಕೆ ತರುತ್ತದೆ, ಆದರೆ ಬ್ರಾಕೆಟ್ ಕೆಳಗೆ ಚಾಚಿಕೊಂಡು ಕಲ್ಲಿಗೆ ತಾಗಬಹುದು. ಕೋನ ಮೊದಲೇ ತಿದ್ದಿದ ಹೊಸ ತೋಳು ದುಬಾರಿ, ಹೆಚ್ಚು ಎತ್ತರಕ್ಕೆ ಅದೇ ಸರಿ.

ಪಟ್ಟಿ ಸ್ಪ್ರಿಂಗಿಗೆ ಆಕ್ಸಲ್ ಮತ್ತು ಪಟ್ಟಿಯ ನಡುವೆ ಉಕ್ಕಿನ ಬೆಣೆ ಇಡುತ್ತಾರೆ. ಪಟ್ಟಿ ಆಕ್ಸಲ್ಲಿನ ಕೆಳಗಿದ್ದರೆ ಬೆಣೆಯ ದಪ್ಪ ತುದಿ ಮುಂದಕ್ಕಿರಬೇಕು, ಪಟ್ಟಿ ಆಕ್ಸಲ್ಲಿನ ಮೇಲಿದ್ದರೆ ಹಿಂದಕ್ಕೆ. ಇದು ತಿರುಗುಮುರುಗಾದರೆ ಇದ್ದ ಕ್ಯಾಸ್ಟರೂ ಹೋಗುತ್ತದೆ. ಬೆಣೆ ನಡುವಿನ ಬೋಲ್ಟಿಗೆ ಕಚ್ಚಿಕೊಂಡಿರಬೇಕು, ಸುಮ್ಮನೆ ತುರುಕಿದ್ದು ಜಾರುತ್ತದೆ.

ಒಂದು ಎಚ್ಚರಿಕೆ. ಕ್ಯಾಸ್ಟರ್ ಹೆಚ್ಚಿಸಲು ಆಕ್ಸಲ್ಲನ್ನು ಹಿಂದಕ್ಕೆ ತಿರುಗಿಸಿದಷ್ಟೂ ಅದರ ನಡುವಿನ ಗೇರು ಗಡ್ಡೆಯ, ಅಂದರೆ ಡಿಫರೆನ್ಷಿಯಲ್ಲಿನ ಮೂತಿ ಕೆಳಗೆ ನೋಡುತ್ತದೆ, ಅದಕ್ಕೆ ಎಂಜಿನ್ ಬಲ ತರುವ ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟಿಗೆ ಬಾಗು ಹೆಚ್ಚುತ್ತದೆ. ಹಾಗಾಗಿ ಸ್ಟೀರಿಂಗ್ ಸರಿಹೋಗಿ ಫೋರ್ ವೀಲ್ ಹಾಕಿದಾಗ ಹೊಸ ಅದುರು ಶುರುವಾದರೆ ಆಶ್ಚರ್ಯವಿಲ್ಲ. ಕಳೆದುಕೊಂಡಷ್ಟನ್ನು ವಾಪಸು ತನ್ನಿ, ಅದಕ್ಕಿಂತ ಹೆಚ್ಚು ಬೇಡ.

ಆಕ್ಸಲ್ ಪಕ್ಕಕ್ಕೆ ಸರಿದರೆ

ಪ್ಯಾನ್‌ಹಾರ್ಡ್ ರಾಡಿನ ಒಂದು ತುದಿ ಚಾಸಿಯಲ್ಲಿ, ಇನ್ನೊಂದು ತುದಿ ಎದುರು ಬದಿಯ ಆಕ್ಸಲ್ಲಿನಲ್ಲಿ. ಗಾಡಿ ಏರಿದಾಗ ರಾಡು ಓರೆಯಾಗುತ್ತದೆ. ಓರೆಯಾದ ರಾಡಿನ ಅಡ್ಡಳತೆ ಕಡಿಮೆಯಾಗುವುದರಿಂದ ಅದು ಆಕ್ಸಲ್ಲನ್ನು ಚಾಸಿಗೆ ಬಿಗಿದ ತನ್ನ ತುದಿಯ ಕಡೆಗೆ ಎಳೆದುಕೊಳ್ಳುತ್ತದೆ. 90 ಸೆಂ.ಮೀ. ರಾಡು ಮೊದಲು ಮಟ್ಟವಾಗಿದ್ದರೆ 5 ಸೆಂ.ಮೀ. ಲಿಫ್ಟಿಗೆ ಆಕ್ಸಲ್ ಸರಿಯುವುದು ಒಂದೂವರೆ ಮಿ.ಮೀ.ಗಿಂತಲೂ ಕಡಿಮೆ. ಆದರೆ ಆ ರಾಡು ಮೊದಲೇ 10 ಸೆಂ.ಮೀ. ಇಳಿಜಾರಾಗಿದ್ದರೆ ಅಷ್ಟೇ ಲಿಫ್ಟಿಗೆ 7 ಮಿ.ಮೀ. ಸರಿಯುತ್ತದೆ. ಎತ್ತರ ಹೆಚ್ಚಿದಷ್ಟೂ ಪ್ರತಿ ಇಂಚಿನ ದಂಡ ಜಾಸ್ತಿ.

ಚಾಸಿಯಿಂದ ಎರಡೂ ಚಕ್ರಕ್ಕೆ ಅಳತೆ ಪಟ್ಟಿ ಹಿಡಿದು ನೋಡಿದರೆ ಇದು ಗೊತ್ತಾಗುತ್ತದೆ. ಕೆಲವೇ ಮಿ.ಮೀ. ವ್ಯತ್ಯಾಸವಾದರೆ ಓಟಕ್ಕೆ ಕೆಡುಕಿಲ್ಲ. ಅದಕ್ಕಿಂತ ಹೆಚ್ಚಾದರೆ ಉದ್ದ ಹೊಂದಿಸಬಹುದಾದ ರಾಡು ಹಾಕಿಸಿ ಆಕ್ಸಲ್ಲನ್ನು ನಡುವಿಗೆ ತರಬೇಕು.

ಗುಂಡಿಗೆ ಬಿದ್ದಾಗ ತಾನಾಗಿ ತಿರುಗುವುದು, ಸ್ಟೀರಿಂಗ್ ಚಕ್ರ ಓರೆಯಾಗುವುದು

ಸ್ಟೀರಿಂಗ್ ಪೆಟ್ಟಿಗೆಯಿಂದ ಚಕ್ರದ ಕಡೆಗೆ ಹೋಗುವ ರಾಡಿಗೆ ಡ್ರ್ಯಾಗ್ ಲಿಂಕ್ ಎನ್ನುತ್ತಾರೆ. ಎರಡು ಚಕ್ರಗಳನ್ನು ಒಂದಕ್ಕೊಂದು ಜೋಡಿಸುವುದು ಟೈ ರಾಡ್. ಕಂಪನಿಯಲ್ಲಿ ಡ್ರ್ಯಾಗ್ ಲಿಂಕನ್ನೂ ಪ್ಯಾನ್‌ಹಾರ್ಡ್ ರಾಡನ್ನೂ ಆದಷ್ಟು ಸಮಾನಾಂತರವಾಗಿ, ಹತ್ತಿರ ಹತ್ತಿರದ ಉದ್ದದಲ್ಲಿ ಇಟ್ಟಿರುತ್ತಾರೆ. ಚಕ್ರ ಏರಿಳಿದಾಗ ಎರಡೂ ಒಂದೇ ರೀತಿಯ ಕಮಾನಿನಲ್ಲಿ ಚಲಿಸುವುದರಿಂದ ಸ್ಟೀರಿಂಗಿಗೆ ಅದರ ಸುಳಿವೂ ಸಿಗುವುದಿಲ್ಲ.

ಇವುಗಳಲ್ಲಿ ಒಂದನ್ನು ಮಾತ್ರ ತಿದ್ದಿದರೆ ಕಷ್ಟ ಶುರು. ಪ್ಯಾನ್‌ಹಾರ್ಡ್ ರಾಡಿನ ಒಂದು ತುದಿಯನ್ನು ಬ್ರಾಕೆಟ್ ಹಾಕಿ ಎತ್ತಿ, ಡ್ರ್ಯಾಗ್ ಲಿಂಕನ್ನು ಇದ್ದ ಹಾಗೇ ಬಿಟ್ಟರೆ, ಪ್ರತಿ ಗುಂಡಿಗೂ ಒಂದು ರಾಡು ಎಳೆಯುವುದು ಒಂದು ಕಡೆಗೆ, ಇನ್ನೊಂದು ಎಳೆಯುವುದು ಇನ್ನೊಂದು ಕಡೆಗೆ. ನೀವು ಸ್ಟೀರಿಂಗ್ ಮುಟ್ಟದಿದ್ದರೂ ಗಾಡಿ ಪಕ್ಕಕ್ಕೆ ನೆಗೆಯುತ್ತದೆ. ಚಾರ್ಮಾಡಿಯಂಥ ಇಕ್ಕಟ್ಟಿನ ಘಾಟಿಯಲ್ಲಿ ಇದು ಅಪಾಯ. ಗಾಡಿಯ ಮುಂದೆ ಕುಳಿತು ಕೆಳಗೆ ಇಣುಕಿ, ಎರಡು ರಾಡುಗಳ ಓರೆ ಒಂದೇ ಥರ ಇದೆಯೇ ಎಂದು ಕಣ್ಣಳತೆಯಲ್ಲೇ ನೋಡಬಹುದು.

ಲಿಫ್ಟ್ ಆದ ಮೇಲೆ ಗಾಡಿ ನೇರ ಓಡುತ್ತಿದ್ದರೂ ಸ್ಟೀರಿಂಗ್ ಚಕ್ರ ಓರೆಯಾಗಿ ನಿಲ್ಲುವುದೂ ಇದೇ ರಾಡುಗಳ ಕೆಲಸ. ಇದಕ್ಕೆ ಡ್ರ್ಯಾಗ್ ಲಿಂಕಿನ ಉದ್ದ ಹೊಂದಿಸಬೇಕು. ಆದರೆ ಕೆಲವು ಕಡೆ ಸ್ಟೀರಿಂಗ್ ಚಕ್ರವನ್ನೇ ಬಿಚ್ಚಿ, ನೇರ ತಿರುಗಿಸಿ ಕೂರಿಸಿಬಿಡುತ್ತಾರೆ. ದಯವಿಟ್ಟು ಇದನ್ನು ಒಪ್ಪಬೇಡಿ. ಸ್ಟೀರಿಂಗ್ ಪೆಟ್ಟಿಗೆಯ ಹಲ್ಲುಗಳು ಅತಿ ಬಿಗಿಯಾಗಿ ಕೂಡುವುದು ಅದರ ನಡುಬಿಂದುವಿನಲ್ಲಿ. ಸ್ಟೀರಿಂಗ್ ಚಕ್ರ ಮಾತ್ರ ತಿರುಗಿಸಿದರೆ ಗಾಡಿ ನೇರ ಓಡುವಾಗ ಪೆಟ್ಟಿಗೆ ನಡುವಿನಿಂದ ಆಚೆಗಿರುತ್ತದೆ, ಆ ಜಾಗದಲ್ಲಿ ಪ್ಲೇ, ಅಂದರೆ ಸಡಿಲದ ಆಟ, ಜಾಸ್ತಿ. ಅದೂ ಅಲ್ಲದೆ ಜಿಮ್ನಿ ಮತ್ತು ಹೊಸ ಥಾರ್‌ನಂಥ ಗಾಡಿಗಳಲ್ಲಿ ಗಾಡಿ ಜಾರುವುದನ್ನು ತಡೆಯುವ ಇಎಸ್‌ಪಿ ಇದೆ. ಸ್ಟೀರಿಂಗ್ ಎಷ್ಟು ತಿರುಗಿದೆ ಎಂದು ಅದಕ್ಕೆ ಒಂದು ಸೆನ್ಸರ್ ಹೇಳುತ್ತಿರುತ್ತದೆ. ನೇರ ರಸ್ತೆಯಲ್ಲೂ ಸೆನ್ಸರ್ ತಿರುವು ಎಂದು ವರದಿ ಕೊಟ್ಟರೆ ಇಎಸ್‌ಪಿ ಬೇಡದ ಹೊತ್ತಿನಲ್ಲಿ ಬ್ರೇಕ್ ಹಿಡಿಯಬಹುದು. ರಾಡು ಹೊಂದಿಸಿದ ಮೇಲೆ ಸ್ಕ್ಯಾನರ್ ಹಾಕಿ ಆ ಸೆನ್ಸರಿನ ಸೊನ್ನೆಯನ್ನೂ ಸರಿಮಾಡಿಸಬೇಕು.

ಕೆಲಸಕ್ಕೆ ಒಂದು ಕ್ರಮವಿದೆ: ಮೊದಲು ಆಕ್ಸಲ್ ನಡುವಿಗೆ, ಆಮೇಲೆ ಕ್ಯಾಸ್ಟರ್, ಅದರ ನಂತರ ಟೋ (ಮುಂಚಕ್ರಗಳು ಒಳಮುಖವೋ ಹೊರಮುಖವೋ ಎಂಬ ಅಳತೆ), ಕೊನೆಗೆ ಸ್ಟೀರಿಂಗ್ ಚಕ್ರ ನೇರಕ್ಕೆ. ಹಿಂದುಮುಂದಾದರೆ ಮಾಡಿದ್ದನ್ನೇ ಮತ್ತೆ ಮಾಡಬೇಕಾಗುತ್ತದೆ.

ಸ್ಟೀರಿಂಗ್ ಭಾರವಾದರೆ, ವಾಪಸು ಬರದಿದ್ದರೆ

ಸ್ಟೀರಿಂಗ್ ವಾಪಸು ಬರದಿರಲು ಎರಡು ಕಾರಣಗಳಿರಬಹುದು: ತರುವ ಬಲ ಇಲ್ಲ, ಅಥವಾ ಬಲ ಇದ್ದರೂ ಏನೋ ತಡೆಯುತ್ತಿದೆ. ಮೊದಲನೆಯದು ಕ್ಯಾಸ್ಟರ್. ಎರಡನೆಯದನ್ನು ಹಿಡಿಯಲು ಮುಂದಿನ ಆಕ್ಸಲ್ಲನ್ನು ಜಾಕಿನಿಂದ ಎತ್ತಿ, ಸ್ಟ್ಯಾಂಡ್ ಕೊಟ್ಟು, ಎಂಜಿನ್ ಆಫ್ ಮಾಡಿ ಸ್ಟೀರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ. ಎಲ್ಲೆಡೆ ಒಂದೇ ಸಮನೆ ತಿರುಗಬೇಕು. ಒಮ್ಮೆ ಬಿಗಿ ಒಮ್ಮೆ ಸಡಿಲ ಎಂದು ಸರದಿಯಲ್ಲಿ ಬಂದರೆ ಶಾಫ್ಟಿನ ಜಾಯಿಂಟು ಅತಿಯಾಗಿ ಬಾಗಿದೆ ಅಥವಾ ತುಕ್ಕು ಹಿಡಿದಿದೆ. ಉದ್ದಕ್ಕೂ ಬಿಗಿಯಾಗಿದ್ದರೆ ಕಿಂಗ್ ಪಿನ್ ಬೇರಿಂಗು ಗ್ರೀಸಿಲ್ಲದೆ ಒಣಗಿರಬಹುದು.

ಇನ್ನೊಂದು ಕಾರಣ ಗ್ಯಾರೇಜಿನಲ್ಲೇ ಹುಟ್ಟುತ್ತದೆ. ಪ್ಲೇ ಇದೆ ಎಂದ ಕೂಡಲೇ ಸ್ಟೀರಿಂಗ್ ಪೆಟ್ಟಿಗೆಯ ಮೇಲಿರುವ ಹೊಂದಾಣಿಕೆ ಸ್ಕ್ರೂ ಬಿಗಿದುಬಿಡುವುದು. ಪ್ಲೇ ಇದ್ದದ್ದು ಟೈ ರಾಡ್ ಎಂಡಿನಲ್ಲಿ, ಬಿಗಿದದ್ದು ಪೆಟ್ಟಿಗೆಯನ್ನು. ಹಲ್ಲು ಹಲ್ಲಿಗೆ ಉಜ್ಜಿ ಸ್ಟೀರಿಂಗ್ ನಡುವಿನಲ್ಲಿ ಕಚ್ಚಿಕೊಳ್ಳುತ್ತದೆ, ಪೆಟ್ಟಿಗೆಯೂ ಬೇಗ ಸವೆಯುತ್ತದೆ.

ಅಗಲದ ಟೈರು ಮತ್ತು ಹೊರಗೆ ಚಾಚಿದ ರಿಮ್ಮಿನಿಂದಲೂ ಸ್ಟೀರಿಂಗ್ ಭಾರವಾಗುತ್ತದೆ. ಚಕ್ರ ತಿರುಗುವ ಅಕ್ಷದಿಂದ ಟೈರಿನ ನಡುಭಾಗ ದೂರ ಹೋದಷ್ಟೂ ಪ್ರತಿ ಕಲ್ಲೂ ಸ್ಟೀರಿಂಗನ್ನು ಕೈಯಿಂದ ಕಿತ್ತುಕೊಳ್ಳಲು ನೋಡುತ್ತದೆ. ವೀಲ್ ಸ್ಪೇಸರ್ ಹಾಕಿದ ಗಾಡಿಯಲ್ಲಿ ಈ ದೂರು ಇದ್ದರೆ ಮೊದಲು ಸ್ಪೇಸರ್ ತೆಗೆದು ಓಡಿಸಿ ನೋಡಿ.

ಥರಥರ ನಡುಕ

ಗಟ್ಟಿ ಆಕ್ಸಲ್ಲಿನ ಗಾಡಿಗಳಲ್ಲಿ ಕಾಣುವ ಅತಿ ಭಯದ ತೊಂದರೆ ಇದು. ಜಗತ್ತಿನಾದ್ಯಂತ ಜೀಪಿನವರು ಇದನ್ನು ಡೆತ್ ವಾಬಲ್ ಎಂದು ಕರೆಯುತ್ತಾರೆ. ಒಂದು ವೇಗದಲ್ಲಿ ಸೇತುವೆಯ ಜಾಯಿಂಟೋ ಗುಂಡಿಯೋ ಸಿಕ್ಕಿದ ಕೂಡಲೇ ಮುಂದಿನ ಎರಡೂ ಚಕ್ರ ಎಡಬಲಕ್ಕೆ ಜೋರಾಗಿ ಬಡಿದಾಡಲು ಶುರುಮಾಡುತ್ತವೆ, ಮತ್ತು ವೇಗ ಇಳಿಸುವವರೆಗೆ ನಿಲ್ಲುವುದಿಲ್ಲ.

ನಡೆಯುವುದು ಹೀಗೆ. ಗುಂಡಿ ಒಂದು ಚಕ್ರವನ್ನು ತಿರುಗಿಸುತ್ತದೆ. ಟೈ ರಾಡಿನಿಂದ ಇನ್ನೊಂದೂ ತಿರುಗುತ್ತದೆ. ನೆಲದ ಬಲ ಅವನ್ನು ನೇರಕ್ಕೆ ತರುತ್ತದೆ, ಆದರೆ ಎಲ್ಲೋ ಸಡಿಲ ಇರುವುದರಿಂದ ಅವು ನೇರದಲ್ಲಿ ನಿಲ್ಲದೆ ಆಚೆ ಕಡೆಗೆ ಹೋಗುತ್ತವೆ, ಮತ್ತೆ ಈಚೆಗೆ. ಗಾಡಿಯ ಓಟವೇ ಆ ತೂಗಾಟಕ್ಕೆ ಶಕ್ತಿ ಕೊಡುತ್ತಾ ಹೋಗುತ್ತದೆ. ಆ ಹೊತ್ತಿನಲ್ಲಿ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಗಟ್ಟಿ ಹಿಡಿದು, ಆಕ್ಸಿಲರೇಟರ್ ಬಿಟ್ಟು, ಬ್ರೇಕನ್ನು ಹದವಾಗಿ ಒತ್ತಿ ವೇಗ ಇಳಿಸಿ ಪಕ್ಕಕ್ಕೆ ನಿಲ್ಲಿಸಬೇಕು. ವೇಗ ಹೆಚ್ಚಿಸಿ ದಾಟಿಹೋಗಲು ಯತ್ನಿಸಬಾರದು.

ನಡುಕಕ್ಕೆ ಒಂದೇ ಅಪರಾಧಿ ಇರುವುದು ಅಪರೂಪ. ಪ್ಯಾನ್‌ಹಾರ್ಡ್ ರಾಡಿನ ಬುಷ್ ಹರಿದಿರುವುದು, ಅದರ ಬೋಲ್ಟಿನ ತೂತು ಸವೆದು ಮೊಟ್ಟೆಯಾಕಾರ ಆಗಿರುವುದು, ಕಿಂಗ್ ಪಿನ್ ಅಥವಾ ವೀಲ್ ಬೇರಿಂಗಿನ ಪ್ಲೇ, ಟೈ ರಾಡ್ ಎಂಡ್, ಟೈರಿನ ಸಮತೂಕ, ತಪ್ಪಿದ ಟೋ, ಕ್ಯಾಸ್ಟರ್ ಕಡಿಮೆಯಾಗಿರುವುದು ಅಥವಾ ವಿಪರೀತ ಹೆಚ್ಚಾಗಿರುವುದು, ಇವುಗಳಲ್ಲಿ ಎರಡು ಮೂರು ಸೇರಿ ತರುತ್ತವೆ. ನಾನು ಹುಡುಕಲು ಶುರುಮಾಡುವುದಾದರೆ ಪ್ಯಾನ್‌ಹಾರ್ಡ್ ರಾಡಿನಿಂದಲೇ. ಲಿಫ್ಟ್ ಮಾಡುವಾಗ ಬಿಚ್ಚಿ ಕಟ್ಟುವ ಭಾಗ ಅದು, ಅಡ್ಡ ಬಲವೆಲ್ಲ ಬೀಳುವುದೂ ಅದರ ಮೇಲೆಯೇ.

ಸ್ಟೀರಿಂಗ್ ಡ್ಯಾಂಪರ್ ಎಂದರೆ ಟೈ ರಾಡಿಗೋ ಡ್ರ್ಯಾಗ್ ಲಿಂಕಿಗೋ ಅಡ್ಡವಾಗಿ ಕಟ್ಟಿರುವ ಶಾಕ್ ಅಬ್ಸಾರ್ಬರ್. ದಪ್ಪನೆಯ ಹೊಸ ಡ್ಯಾಂಪರ್ ಹಾಕಿದರೆ ನಡುಕ ಕೆಲವು ದಿನ ಅಡಗುತ್ತದೆ. ಸಡಿಲಾದ ಭಾಗ ಮಾತ್ರ ಒಳಗೊಳಗೇ ಸವೆಯುತ್ತಲೇ ಇರುತ್ತದೆ, ಮತ್ತೆ ನಡುಕ ಬಂದಾಗ ಮೊದಲಿಗಿಂತ ಜೋರಾಗಿ ಬರುತ್ತದೆ. ಎಣ್ಣೆ ಸೋರುವ ಹಳೆ ಡ್ಯಾಂಪರ್ ಬದಲಿಸುವುದು ಸರಿ. ನಡುಕಕ್ಕೆ ಮದ್ದೆಂದು ಅದನ್ನೇ ಮೊದಲು ಕೊಳ್ಳುವುದು ಸರಿಯಲ್ಲ.

ಮನೆಯಂಗಳದಲ್ಲೇ ಮಾಡಬಹುದಾದ ಪರೀಕ್ಷೆ

ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿ. ಪವರ್ ಸ್ಟೀರಿಂಗಾದರೆ ಎಂಜಿನ್ ಆನ್ ಇರಲಿ, ಗೇರು ನ್ಯೂಟ್ರಲ್‌ನಲ್ಲಿರಲಿ. ಒಬ್ಬರು ಒಳಗೆ ಕುಳಿತು ಸ್ಟೀರಿಂಗನ್ನು ಎಡಕ್ಕೆ ಕಾಲು ಸುತ್ತು, ಬಲಕ್ಕೆ ಕಾಲು ಸುತ್ತು ಆಡಿಸುತ್ತಿರಲಿ. ಇನ್ನೊಬ್ಬರು ಕೆಳಗೆ ಟಾರ್ಚು ಬಿಟ್ಟು ಪ್ರತಿ ಕೀಲನ್ನೂ ನೋಡಲಿ. ಒಂದು ಭಾಗ ಚಲಿಸಿ ಅದಕ್ಕೆ ಜೋಡಿಸಿದ ಭಾಗ ತಡವಾಗಿ ಚಲಿಸಿದರೆ ಪ್ಲೇ ಇರುವುದು ಅಲ್ಲೇ. ಪ್ಯಾನ್‌ಹಾರ್ಡ್ ರಾಡಿನ ಬೋಲ್ಟು ಬ್ರಾಕೆಟ್ಟಿನೊಳಗೆ ಕದಲುವಂತಿಲ್ಲ. ಸ್ಟೀರಿಂಗ್ ಪೆಟ್ಟಿಗೆಯೂ ಚಾಸಿಯ ಮೇಲೆ ಕದಲುವಂತಿಲ್ಲ. ಕದಲಿದರೆ ಅಲ್ಲಿ ಚಾಸಿಯಲ್ಲಿ ಬಿರುಕಿದೆಯೇ ಎಂದು ಉಜ್ಜಿ ನೋಡಿ.

ಆಮೇಲೆ ಒಂದೊಂದೇ ಮುಂಚಕ್ರ ಎತ್ತಿ ಸ್ಟ್ಯಾಂಡ್ ಕೊಡಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಪ್ಲೇ ಬಂದರೆ ಕಿಂಗ್ ಪಿನ್ ಅಥವಾ ವೀಲ್ ಬೇರಿಂಗ್. ಯಾವುದೆಂದು ತಿಳಿಯಲು ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ: ಪ್ಲೇ ಮಾಯವಾದರೆ ವೀಲ್ ಬೇರಿಂಗ್, ಉಳಿದರೆ ಕಿಂಗ್ ಪಿನ್. ಎಡಬಲ ಹಿಡಿದು ಅಲುಗಿಸಿದಾಗ ಮಾತ್ರ ಪ್ಲೇ ಬಂದರೆ ಟೈ ರಾಡ್ ಎಂಡ್ ನೋಡಿ. ಜಾಕನ್ನು ಮಾತ್ರ ನಂಬಿ ಗಾಡಿಯ ಕೆಳಗೆ ಹೋಗಬೇಡಿ.

ಟೋ ಅಂದರೆ ಎರಡು ಮುಂಚಕ್ರಗಳು ಎಷ್ಟು ಒಳಮುಖವಾಗಿ ಅಥವಾ ಹೊರಮುಖವಾಗಿ ನಿಂತಿವೆ ಎಂಬ ಲೆಕ್ಕ. ಪ್ರತಿ ಮುಂಟೈರಿನ ಮೈಯ ನಟ್ಟನಡುವೆ ಒಂದೊಂದು ಸೀಮೆಸುಣ್ಣದ ಗೆರೆ ಎಳೆದು, ಹಬ್ಬಿನ ಎತ್ತರದಲ್ಲಿ ಮುಂದುಗಡೆ ಗೆರೆಯಿಂದ ಗೆರೆಗೆ ಅಳೆಯಿರಿ. ಅವೇ ಗುರುತುಗಳು ಹಿಂದಕ್ಕೆ ಬರುವ ಹಾಗೆ ಗಾಡಿಯನ್ನು ಮುಂದೆ ತಳ್ಳಿ ಮತ್ತೆ ಅಳೆಯಿರಿ. ಮುಂದಿನ ಅಳತೆ ಕಡಿಮೆಯಿದ್ದರೆ ಚಕ್ರಗಳು ಒಳಮುಖ. ಎಷ್ಟಿರಬೇಕೆಂಬುದು ಗಾಡಿಯ ಸರ್ವಿಸ್ ಕೈಪಿಡಿಯಲ್ಲಿರುತ್ತದೆ, ಸಾಮಾನ್ಯವಾಗಿ ಕೆಲವೇ ಮಿ.ಮೀ.

ಅಲೈನ್‌ಮೆಂಟ್ ಅಂಗಡಿಯಲ್ಲಿ ಏನು ಕೇಳಬೇಕು?

ಗಟ್ಟಿ ಆಕ್ಸಲ್ಲಿನ ಮುಂಭಾಗದಲ್ಲಿ ಅಂಗಡಿಯವರು ಸಾಮಾನ್ಯವಾಗಿ ಹೊಂದಿಸುವುದು ಟೋ ಒಂದನ್ನೇ. ಯಂತ್ರ ಮಾತ್ರ ಕ್ಯಾಸ್ಟರನ್ನೂ ಅಳೆಯಬಲ್ಲದು. ಆದ್ದರಿಂದ ಕ್ಯಾಸ್ಟರ್ ಅಳೆದು ಪ್ರಿಂಟ್ ಕೊಡಿ ಎಂದು ಬಾಯಿಬಿಟ್ಟು ಕೇಳಬೇಕು. ಎಡ ಬಲ ಎರಡೂ ಸಂಖ್ಯೆ ಕೈಪಿಡಿಯ ಮಿತಿಯೊಳಗಿವೆಯೇ ನೋಡಿ. ಎರಡರ ನಡುವೆ ದೊಡ್ಡ ಅಂತರ ಇದ್ದರೆ ಆಕ್ಸಲ್ ಹೌಸಿಂಗ್ ತಿರುಚಿರಬಹುದು ಅಥವಾ ಒಂದು ಕಡೆ ಬುಷ್ ತಪ್ಪಾಗಿ ಕೂತಿರಬಹುದು. ಲಿಫ್ಟ್ ಮಾಡಿಸುವ ಮುಂಚೆಯೇ ಇಂಥ ಒಂದು ಪ್ರಿಂಟ್ ತೆಗೆಸಿಟ್ಟುಕೊಂಡರೆ ಬಹಳ ಒಳ್ಳೆಯದು, ಏನು ಕಳೆದುಹೋಯಿತೆಂದು ಆಮೇಲೆ ಊಹಿಸಬೇಕಾಗಿಲ್ಲ.

ಹೊಸ ಥಾರ್‌ನಂತೆ ಮುಂಚಕ್ರಗಳು ಬೇರೆ ಬೇರೆಯಾಗಿರುವ ಗಾಡಿಯಲ್ಲಿ ಲಿಫ್ಟ್ ಆದ ಕೂಡಲೇ ಟೋ ಮತ್ತು ಕ್ಯಾಂಬರ್ ಎರಡೂ ಬದಲಾಗುತ್ತವೆ. ಕ್ಯಾಂಬರ್ ಎಂದರೆ ಮುಂದಿನಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ವಾಲಿರುವ ಕೋನ. ಟೈರಿನ ಒಂದು ಅಂಚು ಮಾತ್ರ ಸವೆಯುವುದು ಇದರ ಗುರುತು. ಇಲ್ಲಿ ಅಲೈನ್‌ಮೆಂಟ್ ಕಡ್ಡಾಯ, ಹೊಂದಾಣಿಕೆಯ ಮಿತಿ ಮುಗಿದರೆ ಮೇಲಿನ ತೋಳನ್ನೇ ಬದಲಿಸಬೇಕಾಗುತ್ತದೆ. ಆಕ್ಸಲ್ ಶಾಫ್ಟಿನ ಜಾಯಿಂಟೂ ಹೆಚ್ಚು ಬಾಗಿ ಅದರ ರಬ್ಬರ್ ಬೂಟ್ ಬೇಗ ಹರಿಯುತ್ತದೆ, ಅದನ್ನೂ ಆಗಾಗ ನೋಡುತ್ತಿರಬೇಕು.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಲಿಫ್ಟ್ ಮಾಡಿಸುವ ಮೊದಲು ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ವಿಚಾರಿಸಿ. ಅಪಘಾತವಾದ ಮೇಲೆ ಪರಿಹಾರದ ತಕರಾರು ಏಳುವುದು ಇಂಥ ಕಡೆಯೇ.

ಬೋಲ್ಟು ಬಿಗಿಯುವ ಹೊತ್ತು

ಲಿಫ್ಟ್ ಕಿಟ್ ಹಾಕುವಾಗ ಗಾಡಿ ಸ್ಟ್ಯಾಂಡಿನ ಮೇಲಿರುತ್ತದೆ, ಆಕ್ಸಲ್ ಜೋತುಬಿದ್ದಿರುತ್ತದೆ. ಆ ಸ್ಥಿತಿಯಲ್ಲೇ ತೋಳು ಮತ್ತು ಪ್ಯಾನ್‌ಹಾರ್ಡ್ ರಾಡಿನ ಬೋಲ್ಟನ್ನು ಪೂರ್ತಿ ಬಿಗಿದರೆ ಒಳಗಿನ ರಬ್ಬರ್ ಬುಷ್ ಜೋತುಬಿದ್ದ ಕೋನದಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ಕೆಳಗಿಳಿಸಿದಾಗ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಹೊಸ ಕಿಟ್ ಹಾಕಿದ ಗಾಡಿಗಳಲ್ಲಿ ಬುಷ್ ಇಷ್ಟು ಬೇಗ ಹೋಗುವುದರ ಹಿಂದೆ ಎಷ್ಟೋ ಸಲ ಇರುವುದು ಇದೊಂದೇ ಅವಸರ. ಬೋಲ್ಟುಗಳನ್ನು ಮೊದಲು ಸಡಿಲವಾಗಿ ಸೇರಿಸಿ, ಗಾಡಿಯನ್ನು ನೆಲಕ್ಕಿಳಿಸಿ, ನಾಲ್ಕು ಮೂ‍ಲೆ ಒತ್ತಿ ಕುಲುಕಿಸಿ, ಪೂರ್ತಿ ತೂಕ ಚಕ್ರದ ಮೇಲೆ ಬಿದ್ದ ನಂತರ ಟಾರ್ಕ್ ಪಾನದಿಂದ ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿಯಬೇಕು. ಪಟ್ಟಿ ಸ್ಪ್ರಿಂಗಿನ ಯು ಬೋಲ್ಟು, ಶ್ಯಾಕಲ್ ಬೋಲ್ಟಿಗೂ ಇದೇ ನಿಯಮ.

ಹೊಸ ಸ್ಪ್ರಿಂಗು ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಸ್ವಲ್ಪ ಕುಳಿತುಕೊಳ್ಳುತ್ತದೆ. ಅಷ್ಟು ಓಡಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಮತ್ತೊಮ್ಮೆ ಬಿಗಿದು ನೋಡಿ, ಟೋ ಮತ್ತು ಕ್ಯಾಸ್ಟರನ್ನು ಇನ್ನೊಮ್ಮೆ ಅಳೆಸಿ. ಅಲ್ಲಿಯವರೆಗೆ ಹೆದ್ದಾರಿ ವೇಗ ಬೇಡ. ಮೊದಲ ಪರೀಕ್ಷೆಯ ಓಟವನ್ನು ಖಾಲಿ ರಸ್ತೆಯಲ್ಲಿ 40ರಿಂದ ಶುರುಮಾಡಿ, ಪ್ರತಿ ಹತ್ತು ಕಿಲೋಮೀಟರ್ ವೇಗಕ್ಕೊಮ್ಮೆ ಗಾಡಿ ನೇರ ಓಡುತ್ತಿದೆಯೇ, ತಿರುವಿನಿಂದ ಸ್ಟೀರಿಂಗ್ ತಾನಾಗಿ ಬರುತ್ತಿದೆಯೇ, ಬ್ರೇಕ್ ಹಿಡಿದಾಗ ಪಕ್ಕಕ್ಕೆ ಎಳೆಯುತ್ತಿದೆಯೇ ಎಂದು ನೋಡಿಕೊಂಡು ಏರಿಸಿ. ಯಾವ ವೇಗದಲ್ಲಿ ತೊಂದರೆ ಕಂಡಿತು ಎಂಬುದನ್ನು ಬರೆದಿಟ್ಟುಕೊಂಡು ಮೆಕ್ಯಾನಿಕ್‌ಗೆ ಹೇಳಿದರೆ ಅವರ ಅರ್ಧ ಹುಡುಕಾಟ ಉಳಿಯುತ್ತದೆ.